ಟೆಂಪರೇಚರ್ ಮುಳ್ಳು ಇಲ್ಲದ ಕಾರಿಗೆ ಹೊರಗಿನ ಗೇಜ್: ಹೋಸ್ ಕತ್ತರಿಸಬೇಕಾ, ಓಬಿಡಿ ಸಾಕಾ?

ಶಿರಾಡಿಪಯಣ, ಬೆಂಗಳೂರು

ಎಲ್ಲರಿಗೂ ನಮಸ್ಕಾರ. ನನ್ನದು 2011ರ ಹೋಂಡಾ ಸಿಟಿ, ಪೆಟ್ರೋಲ್. ಈ ತಲೆಮಾರಿನ ಸಿಟಿಯಲ್ಲಿ ಟೆಂಪರೇಚರ್ ಮುಳ್ಳು ಇಲ್ಲ. ಎಂಜಿನ್ ತಣ್ಣಗಿದ್ದರೆ ನೀಲಿ ದೀಪ, ಮಿತಿ ಮೀರಿ ಬಿಸಿಯಾದರೆ ಕೆಂಪು ದೀಪ, ಅಷ್ಟೆ. ನಡುವೆ 80 ಇದೆಯಾ, 105 ಇದೆಯಾ ಗೊತ್ತಾಗುವುದಿಲ್ಲ. ಕಾರು ಚೆನ್ನಾಗಿದೆ, ಹೀಟ್ ಆಗುವ ತೊಂದರೆ ಏನೂ ಇಲ್ಲ. ಆದರೆ ಹೋಸ್, ವಾಟರ್ ಪಂಪ್, ರೇಡಿಯೇಟರ್ ಎಲ್ಲಕ್ಕೂ ವಯಸ್ಸಾಯಿತು. ಊರು ಪುತ್ತೂರು. ಹಬ್ಬ, ಮದುವೆ ಅಂತ ಶಿರಾಡಿ ಘಾಟಿ ಹತ್ತಿ ಇಳಿಯುವುದು ತಪ್ಪುವುದಿಲ್ಲ. ಲೋಡ್ ಲಾರಿ ಹಿಂದೆ ಎರಡನೇ ಗೇರಿನಲ್ಲಿ, ಎಸಿ ಹಾಕಿಕೊಂಡು ತೆವಳುವಾಗ ಎಂಜಿನ್ ಒಳಗೆ ಏನು ನಡೆಯುತ್ತಿದೆ ಅಂತ ನನಗೆ ಅಂಕಿಯಲ್ಲಿ ಬೇಕು. ಕೆಂಪು ದೀಪ ಹತ್ತಿದ ಮೇಲೆ ಗೊತ್ತಾಗುವುದು ಬೇಡ.

ಜೆ.ಸಿ. ರಸ್ತೆಯಲ್ಲಿ ಒಂದು ಕಿಟ್ ನೋಡಿ ಬಂದೆ. 52 ಮಿ.ಮೀ. ಡಿಜಿಟಲ್ ಗೇಜ್, ಹಿತ್ತಾಳೆ ಸೆಂಡರ್ (ಬಿಸಿ ಅಳೆದು ಗೇಜಿಗೆ ತಿಳಿಸುವ ಸೆನ್ಸರ್), ರೇಡಿಯೇಟರ್ ಮೇಲಿನ ಹೋಸ್‌ಗೆ ನಡುವೆ ಸೇರಿಸುವ ಅಲ್ಯೂಮಿನಿಯಂ ಅಡಾಪ್ಟರ್, ಎರಡು ಕ್ಲಾಂಪ್. ಹೋಸ್ ಕತ್ತರಿಸಿ ಸೇರಿಸಿದರೆ ಮುಂದೆ ಅಲ್ಲೇ ಸೋರುತ್ತದಾ? ಕರೆಂಟ್ ಎಲ್ಲಿಂದ ತೆಗೆಯಬೇಕು? ಹಾಕಿಸಿಕೊಂಡವರು ಯಾರಾದರೂ ಇದ್ದರೆ ಬರೆಯಿರಿ.

ಡೇಟಾ ದಾಸ, ಮೈಸೂರು

ಸಾರ್, ಒಳ್ಳೆ ಹೋಸ್ ಸುಮ್ನೆ ಯಾಕೆ ಕತ್ತರಿಸ್ತೀರಿ? ಎಂಜಿನ್‌ನಲ್ಲಿ ಕಂಪನಿಯದೇ ಟೆಂಪರೇಚರ್ ಸೆನ್ಸರ್ ಇದೆ. ಇಸಿಯುಗೆ, ಅಂದರೆ ಎಂಜಿನ್ ನಡೆಸುವ ಕಂಪ್ಯೂಟರ್‌ಗೆ, ಅದರ ಡಿಗ್ರಿ ಯಾವಾಗಲೂ ಗೊತ್ತು. ಇಲ್ಲದಿದ್ದರೆ ಪೆಟ್ರೋಲ್ ಎಷ್ಟು ಬಿಡಬೇಕು, ಫ್ಯಾನ್ ಯಾವಾಗ ಹಾಕಬೇಕು ಅಂತ ಅದು ಹೇಗೆ ತೀರ್ಮಾನಿಸುತ್ತದೆ? ಡ್ಯಾಶ್‌ಬೋರ್ಡ್ ಮಾತ್ರ ನಿಮಗೆ ತೋರಿಸುತ್ತಿಲ್ಲ, ಅಷ್ಟೆ. ಸ್ಟಿಯರಿಂಗ್ ಕೆಳಗೆ ಓಬಿಡಿ ಅಂತ 16 ಪಿನ್ ಸಾಕೆಟ್ ಇದೆ, ಇಸಿಯುನ ಅಂಕಿ ಓದುವುದು ಅಲ್ಲಿಂದಲೇ. ಅದಕ್ಕೆ ಇಎಲ್‌ಎಂ 327 ಬ್ಲೂಟೂತ್ ಅಡಾಪ್ಟರ್ ಚುಚ್ಚಿ, ಫೋನಿನಲ್ಲಿ ಟಾರ್ಕ್ ಆಪ್ ಹಾಕಿ. ಕೂಲೆಂಟ್ (ಎಂಜಿನ್ ತಣಿಸುವ ದ್ರವ) ಟೆಂಪರೇಚರ್ ಕೇಳುವ ಕೋಡ್ ಪಿಐಡಿ 05. ಇಸಿಯು ಒಂದು ಬೈಟ್ ಕಳಿಸುತ್ತದೆ, ಅದರಲ್ಲಿ 40 ಕಳೆದರೆ ಡಿಗ್ರಿ. 130 ಬಂದರೆ 90 ಡಿಗ್ರಿ. ಆಪ್ ಅದನ್ನೆಲ್ಲ ತಾನೇ ಮಾಡುತ್ತದೆ. ಒಂದು ವೈರೂ ಕತ್ತರಿಸಬೇಕಿಲ್ಲ, ಒಂದು ತೊಟ್ಟು ಕೂಲೆಂಟೂ ಚೆಲ್ಲಬೇಕಿಲ್ಲ.

ಶಿರಾಡಿಪಯಣ

ಅದೂ ಇದೆ ಸಾರ್ ನನ್ನ ಹತ್ರ. ತೊಂದರೆ ಏನಂದರೆ ಫೋನಿನಲ್ಲಿ ಮ್ಯಾಪ್ ಓಡುತ್ತಿರುತ್ತದೆ, ಅಷ್ಟರಲ್ಲಿ ಕರೆ ಬರುತ್ತದೆ, ಬ್ಲೂಟೂತ್ ಕಳಚಿಕೊಳ್ಳುತ್ತದೆ. ಘಾಟಿಯಲ್ಲಿ ಆಪ್ ಮತ್ತೆ ಜೋಡಿಸಿಕೊಂಡು ಕೂರುವುದಕ್ಕೆ ಆಗುತ್ತಾ? ಕೀ ತಿರುಗಿಸಿದ ಕೂಡಲೇ ತಾನೇ ಹತ್ತಿಕೊಂಡು, ಕಣ್ಣಂಚಿನಲ್ಲಿ ಕಾಣುತ್ತಾ ಇರಬೇಕು. ಅಂಥದ್ದು ಬೇಕು.

ಡೇಟಾ ದಾಸ

ಹಾಗಾದರೆ ಅದೇ ಸಾಕೆಟ್‌ಗೆ ವೈರ್‌ನಲ್ಲೇ ಜೋಡಿಸುವ ಚಿಕ್ಕ ಡಿಸ್‌ಪ್ಲೇ ಸಿಗುತ್ತದೆ. ಅಲಾರಂ ಕೂಡ ಇಟ್ಟುಕೊಳ್ಳಬಹುದು. ಒಂದೇ ಎಚ್ಚರಿಕೆ. ಕಾರು ವಾರಗಟ್ಟಲೆ ನಿಂತೇ ಇರುವುದಾದರೆ ಅದನ್ನು ಕಿತ್ತಿಡಿ. ಆ ಸಾಕೆಟ್‌ನಲ್ಲಿ ಕೀ ತೆಗೆದ ಮೇಲೂ ಬ್ಯಾಟರಿ ಕರೆಂಟ್ ಇರುತ್ತದೆ, ಅಗ್ಗದ ಅಡಾಪ್ಟರ್‌ಗಳು ನಿದ್ದೆ ಹೋಗುವುದಿಲ್ಲ.

ಎಸ್ಟೇಟ್ ಜೀಪು, ಮೂಡಿಗೆರೆ

ನಮ್ಮಲ್ಲಿ ಸಾಕೆಟ್ಟೂ ಇಲ್ಲ, ಇಸಿಯುವೂ ಇಲ್ಲ. ಮಹೀಂದ್ರದ ಹಳೆ ಜೀಪು ಎಂಎಂ 540, ಎಕ್ಸ್‌ಡಿಪಿ ಡೀಸೆಲ್ ಎಂಜಿನ್. ಕರೆಂಟ್‌ನಲ್ಲಿ ಓಡುವ ಮೂಲದ ಟೆಂಪರೇಚರ್ ಗೇಜ್ ಸತ್ತು ಯಾವ ಕಾಲವೋ ಆಯಿತು. ಈಗ ಇರುವುದು ಮೆಕ್ಯಾನಿಕಲ್ ಗೇಜ್. ಹೊಸಬರು ಕೆಲವರು ಇದನ್ನು ನೋಡಿರಲಿಕ್ಕಿಲ್ಲ. ಒಂದು ತುದಿಯಲ್ಲಿ ಬೆರಳು ಗಾತ್ರದ ಬಲ್ಬು, ಅದರಿಂದ ಗೇಜಿನ ತನಕ ತೆಳ್ಳನೆ ತಾಮ್ರದ ಕೊಳವೆ. ಬಲ್ಬಿನೊಳಗೆ ಬೇಗ ಆವಿಯಾಗುವ ದ್ರವ ತುಂಬಿ ಸೀಲ್ ಮಾಡಿರುತ್ತಾರೆ. ಎಂಜಿನ್ ಬಿಸಿಯಾದಂತೆ ಒಳಗೆ ಒತ್ತಡ ಏರುತ್ತದೆ. ಗೇಜಿನ ಹಿಂದೆ ಬಾಗಿದ ಚಪ್ಪಟೆ ಕೊಳವೆಯೊಂದಿದೆ, ಒತ್ತಡಕ್ಕೆ ಅದು ಬಿಚ್ಚಿಕೊಳ್ಳುತ್ತದೆ, ಮುಳ್ಳು ತಿರುಗುತ್ತದೆ. ಬ್ಯಾಟರಿ ಬೇಡ, ಫ್ಯೂಸ್ ಬೇಡ, ಅರ್ತ್ (ಕರೆಂಟ್ ಬ್ಯಾಟರಿಗೆ ವಾಪಸ್ ಹೋಗುವ ದಾರಿ) ಬೇಡ.

ಒಂದೇ ಕಷ್ಟ. ಆ ಕೊಳವೆಯನ್ನು ಕತ್ತರಿಸುವ ಹಾಗಿಲ್ಲ, ಮಡಚುವ ಹಾಗಿಲ್ಲ. ಉದ್ದ ಜಾಸ್ತಿಯಾದರೆ ಸುರುಳಿ ಸುತ್ತಿ ಕಟ್ಟಬೇಕು. ಒಮ್ಮೆ ಸೀಳು ಬಿಟ್ಟರೆ ಗೇಜ್ ಪೂರ್ತಿ ಬಿಸಾಡುವುದೇ. ನಿಮ್ಮ ಸಿಟಿಗೆ ಇದನ್ನು ಹಾಕಿ ಅನ್ನುವುದಿಲ್ಲ. ಫೈರ್‌ವಾಲ್‌ನಲ್ಲಿ (ಎಂಜಿನ್‌ಗೂ ಕ್ಯಾಬಿನ್‌ಗೂ ನಡುವಿನ ತಗಡಿನ ಗೋಡೆ) ಬಲ್ಬ್ ದಾಟುವಷ್ಟು ದೊಡ್ಡ ತೂತು ಬೇಕಾಗುತ್ತದೆ, ಹೊಸ ಕಾರಿಗೆ ಅದು ಚಂದವಲ್ಲ.

ಭಾವನ ಕಾರು, ತುಮಕೂರು

ಎಲ್ಲರೂ ಗೇಜ್ ಹಾಕಿ ಗೇಜ್ ಹಾಕಿ ಅಂತಿದ್ದೀರಲ್ಲ, ಒಂದು ಮಾತು. ನಮ್ಮ ಭಾವನದು ಒಂದು ಡೀಸೆಲ್ ಹ್ಯಾಚ್‌ಬ್ಯಾಕ್, ಹೆಸರು ಬೇಡ. ಅದರಲ್ಲಿ ಕಂಪನಿ ಕೊಟ್ಟ ಮುಳ್ಳೇ ಇತ್ತು. ಹೈವೇಯಲ್ಲಿ ಕೆಳಗಿನ ಹೋಸ್ ಸೀಳಿ ಕೂಲೆಂಟ್ ಎಲ್ಲ ರಸ್ತೆಗೆ ಹೋಯ್ತು. ಮುಳ್ಳು ಮೇಲೆ ಹೋಗಲೇ ಇಲ್ಲ. ಸ್ವಲ್ಪ ಹೊತ್ತು ಮಧ್ಯದಲ್ಲಿ ನಿಂತಿತ್ತು, ಆಮೇಲೆ ನಿಧಾನಕ್ಕೆ ಕೆಳಗಿಳಿಯಿತು. ಭಾವ ಗಾಡಿ ತಣ್ಣಗಾಗಿದೆ ಅಂದುಕೊಂಡು ಓಡಿಸಿದರು. ಪಿಕಪ್ ಬಿದ್ದು, ಬಾನೆಟ್‌ನಿಂದ ವಾಸನೆ ಬಂದ ಮೇಲೆ ನಿಲ್ಲಿಸಿದ್ದು. ಹೆಡ್ ಗ್ಯಾಸ್ಕೆಟ್ ಹೋಗಿತ್ತು, ಅಲ್ಯೂಮಿನಿಯಂ ಹೆಡ್ ಡೊಂಕಾಗಿತ್ತು. ಗೇಜ್ ಇದ್ದೂ ಏನು ಪ್ರಯೋಜನ?

ವೈರಿಂಗ್ ರಾಯ, ದಾವಣಗೆರೆ

ಭಾವನ ಕಾರು ಅವರು ಹೇಳಿದ್ದೇ ಈ ಚರ್ಚೆಯ ಮುಖ್ಯ ವಿಷಯ, ಹಾಗಾಗಿ ಮೊದಲು ಅದಕ್ಕೆ ಬರುತ್ತೇನೆ. ನಾನು ಆಟೊ ಎಲೆಕ್ಟ್ರಿಷಿಯನ್, ದಿನಾ ಇದೇ ಕೆಲಸ.

ಸೆನ್ಸರ್ ಅಳೆಯುವುದು ತನ್ನ ಮೂತಿಗೆ ಏನು ತಾಗುತ್ತಿದೆಯೋ ಅದನ್ನು ಮಾತ್ರ. ಕೂಲೆಂಟ್ ತಾಗುತ್ತಿದ್ದರೆ ಕೂಲೆಂಟಿನ ಬಿಸಿ. ಕೂಲೆಂಟ್ ಖಾಲಿಯಾಗಿ ಗಾಳಿ ತುಂಬಿದರೆ ಆ ಗಾಳಿಯ ಬಿಸಿ. ಎಂಜಿನ್ ಲೋಹ ಸುಡುತ್ತಿದ್ದರೂ ಆ ಗಾಳಿ ಸೆನ್ಸರ್‌ಗೆ ಸರಿಯಾಗಿ ಶಾಖ ಮುಟ್ಟಿಸುವುದಿಲ್ಲ. ಅದಕ್ಕೇ ಮುಳ್ಳು ಇಳಿದದ್ದು. ಓಡುತ್ತಿರುವ ಕಾರಿನಲ್ಲಿ ಕಾರಣವಿಲ್ಲದೆ ಡಿಗ್ರಿ ಇಳಿದರೆ ಅದು ಏರಿದ್ದಕ್ಕಿಂತ ಕೆಟ್ಟ ಸುದ್ದಿ. ನನ್ನ ಗಿರಾಕಿಗಳಿಗೆ ಇದನ್ನು ಹೇಳಿ ಹೇಳಿ ಬಾಯಿ ನೋಯುತ್ತದೆ.

ಇದಕ್ಕೆ ಮದ್ದು ಇದೆ. ಉಂಗುರದ ಹಾಗಿರುವ ಸೆನ್ಸರ್ ಬರುತ್ತದೆ, ಸಿಲಿಂಡರ್ ಹೆಡ್‌ನ ಲೋಹಕ್ಕೇ ಯಾವುದಾದರೂ ಬ್ರಾಕೆಟ್ ಬೋಲ್ಟ್ ಕೆಳಗೆ ಹಾಕುವುದು. ಹೆಡ್ ಬೋಲ್ಟ್ ಮುಟ್ಟಬೇಡಿ ಮತ್ತೆ! ಅದನ್ನು ಬಿಗಿಯುವ ಬಲದ (ಟಾರ್ಕ್) ಲೆಕ್ಕವೇ ಬೇರೆ. ಈ ಸೆನ್ಸರ್‌ಗೆ ಕೂಲೆಂಟ್ ಇದ್ದರೂ ಇಲ್ಲದಿದ್ದರೂ ಲೋಹದ ಬಿಸಿ ಗೊತ್ತಾಗುತ್ತದೆ. ಹೋಸ್ ಕತ್ತರಿಸುವ ಮಾತೂ ಇಲ್ಲ. ಅಂಕಿ ಕೂಲೆಂಟಿನಷ್ಟೇ ಬರುವುದಿಲ್ಲ, ಕೆಲವು ಡಿಗ್ರಿ ಹೆಚ್ಚು ಕಡಿಮೆ ಇರುತ್ತದೆ. ನಿಮ್ಮ ಗಾಡಿಯ ಮಾಮೂಲಿ ಅಂಕಿ ಎಷ್ಟು ಅಂತ ಕೆಲವು ವಾರ ನೋಡಿಕೊಂಡರೆ ಸಾಕು.

ಇನ್ನು ಶಿರಾಡಿಪಯಣ ಸಾರ್ ಕೇಳಿದ ಹೋಸ್ ಅಡಾಪ್ಟರ್. ಅದೂ ಕೆಲಸ ಮಾಡುತ್ತದೆ, ಸರಿಯಾಗಿ ಹಾಕಿದರೆ. ಸೋರುವುದು ಅಡಾಪ್ಟರ್ ತಪ್ಪಿನಿಂದ ಅಲ್ಲ, ಅಳತೆ ತಪ್ಪಿದರೆ. ಹೋಸ್‌ನ ಒಳ ವ್ಯಾಸ 30 ಇದ್ದು ಅಡಾಪ್ಟರ್ 28 ತಂದು ಕ್ಲಾಂಪ್ ಬಿಗಿದು ಸರಿಮಾಡುತ್ತೇನೆ ಅಂದರೆ ಖಂಡಿತ ಸೋರುತ್ತದೆ. ಹೊಸ ಹೋಸ್ ಒಂದು ತಂದು ಅದನ್ನೇ ಕತ್ತರಿಸಿ. ಹಳೆಯದು ಡಿಕ್ಕಿಯಲ್ಲಿರಲಿ. ನಾಳೆ ಗೇಜ್ ಬೇಡ ಅನಿಸಿದರೆ ಹಾಗೇ ವಾಪಸ್ ಹಾಕಬಹುದು.

ಸೆಂಡರ್‌ನ ಥ್ರೆಡ್ ಹೆಚ್ಚಾಗಿ 1/8 ಎನ್‌ಪಿಟಿ. ಅದು ಮೊನೆಯಾಗುತ್ತಾ ಹೋಗುವ ಥ್ರೆಡ್, ತಿರುಗಿಸಿದಷ್ಟೂ ಬಿಗಿಯಾಗುತ್ತದೆ. ಅಲ್ಯೂಮಿನಿಯಂಗೆ ಹಿತ್ತಾಳೆಯನ್ನು ಜೋರಾಗಿ ಬಿಗಿದರೆ ಥ್ರೆಡ್ ಹೋಗುತ್ತದೆ. ಟೆಫ್ಲಾನ್ ಟೇಪ್ ಒಂದೆರಡು ಸುತ್ತು ಸಾಕು. ಸೆಂಡರ್ ಮೂತಿ ಮೇಲಿನಿಂದ ಕೆಳಗೆ ಇಳಿಯುವಂತೆ ನಿಲ್ಲಿಸಬೇಡಿ, ಮಗ್ಗುಲಿಗೆ ತಿರುಗಿಸಿ. ಹೋಸ್‌ನಲ್ಲಿ ಗಾಳಿ ಸೇರುವುದು ಯಾವಾಗಲೂ ಮೇಲ್ಭಾಗದಲ್ಲಿ.

ಅರ್ತ್ ವಿಷಯ. ಸೆಂಡರ್‌ಗೆ ಒಂದೇ ವೈರ್ ಇದ್ದರೆ ಅದರ ಮೈಯೇ ಅರ್ತ್. ಎಂಜಿನ್ ಬ್ಲಾಕ್‌ಗೆ ತಿರುಪಿದಾಗ ಅರ್ತ್ ತಾನೇ ಸಿಗುತ್ತದೆ. ಆದರೆ ನಿಮ್ಮ ಅಡಾಪ್ಟರ್ ಎರಡೂ ಕಡೆ ರಬ್ಬರ್ ಮಧ್ಯೆ ಕೂತಿದೆ. ಅರ್ತ್ ಎಲ್ಲಿಂದ ಬರಬೇಕು? ಅಡಾಪ್ಟರ್‌ನಿಂದ ಬೇರೆ ವೈರ್ ಎಳೆದು, ಗೇಜಿನ ಅರ್ತ್ ಎಲ್ಲಿ ಕೊಟ್ಟಿದ್ದೀರೋ ಅದೇ ಜಾಗಕ್ಕೆ ಕೊಡಿ. ಎರಡೂ ಬೇರೆ ಬೇರೆ ಕಡೆ ಕೊಟ್ಟರೆ ಹೆಡ್‌ಲೈಟ್ ಹಾಕಿದಾಗ ಡಿಗ್ರಿ ಜಿಗಿಯುತ್ತದೆ. ಲೈಟ್ ಹಾಕಿದರೆ ಎಂಜಿನ್ ಬಿಸಿಯಾಗುತ್ತಾ ಸಾರ್? ಆಗಲ್ಲ ಅಲ್ವಾ. ಅಂಥ ಗೇಜ್ ಕಂಡರೆ ಕಣ್ಣು ಮುಚ್ಚಿಕೊಂಡು ಅರ್ತ್ ಹುಡುಕಿ.

ಶಿರಾಡಿಪಯಣ

ರಾಯರೇ, ಇಷ್ಟು ಬಿಡಿಸಿ ಬರೆದಿದ್ದಕ್ಕೆ ತುಂಬಾ ಥ್ಯಾಂಕ್ಸ್. ಕರೆಂಟ್ ಎಲ್ಲಿಂದ? ಮತ್ತೆ, ಕಂಪನಿ ಸೆನ್ಸರ್‌ನ ವೈರ್‌ಗೇ ಈ ಗೇಜ್ ಸೇರಿಸಿದರೆ ಹೋಸ್ ಮುಟ್ಟುವ ಅಗತ್ಯವೇ ಇಲ್ಲ ಅಂತ ಅಂಗಡಿಯವನು ಅಂದ.

ವೈರಿಂಗ್ ರಾಯ

ಬೇಡ. ಬೇಡವೇ ಬೇಡ. ಕಂಪನಿ ಸೆನ್ಸರ್‌ಗೆ ಇಸಿಯು 5 ವೋಲ್ಟ್ ಕಳಿಸಿ, ಎಷ್ಟು ಇಳಿಯಿತು ಅಂತ ನೋಡಿ ಡಿಗ್ರಿ ಲೆಕ್ಕ ಹಾಕುತ್ತದೆ. ಮಧ್ಯೆ ನಿಮ್ಮ ಗೇಜ್ ಬಾಯಿ ಹಾಕಿದರೆ ಆ ವೋಲ್ಟ್ ಬದಲಾಗುತ್ತದೆ. ಎಂಜಿನ್ ನಿಜಕ್ಕಿಂತ ಬಿಸಿ ಅಥವಾ ತಣ್ಣಗೆ ಅಂತ ಇಸಿಯು ತಿಳಿಯುತ್ತದೆ. ಪೆಟ್ರೋಲ್ ಅಳತೆ ಕೆಡುತ್ತದೆ, ಫ್ಯಾನ್ ಹೊತ್ತಲ್ಲದ ಹೊತ್ತಿನಲ್ಲಿ ಬರುತ್ತದೆ. ಅದೂ ಅಲ್ಲದೆ ಸೆಂಡರ್‌ಗಳ ಓಮ್ಸ್ (ಕರೆಂಟ್‌ಗೆ ಒಡ್ಡುವ ತಡೆ) ಒಂದೇ ರೀತಿ ಇರುವುದಿಲ್ಲ. ಬಿಸಿಯಾದಂತೆ ಓಮ್ಸ್ ಇಳಿಯುತ್ತದೆ ಅನ್ನುವುದು ಹೆಚ್ಚಿನವಕ್ಕೆ ಸರಿ. ಎಷ್ಟು ಇಳಿಯುತ್ತದೆ ಅನ್ನುವುದು ಬೇರೆ ಬೇರೆ. ವಿಡಿಒ ಕಂಪನಿಯ 120 ಡಿಗ್ರಿ ಸೆಂಡರ್ 40 ಡಿಗ್ರಿಯಲ್ಲಿ ಸುಮಾರು 290 ಓಮ್ಸ್, 120ರಲ್ಲಿ ಸುಮಾರು 22. ಇನ್ನೊಂದರ ಲೆಕ್ಕ ಇನ್ನೊಂದು. ಗೇಜ್ ಜೊತೆ ಬಂದ ಸೆಂಡರನ್ನೇ ಬಳಸಿ, ಅದು ಕೆಟ್ಟರೆ ಅದೇ ಜೋಡಿಯದು ತನ್ನಿ.

ಕರೆಂಟ್‌ಗೆ ಫ್ಯೂಸ್ ಬಾಕ್ಸ್‌ನಲ್ಲಿ ಫ್ಯೂಸ್ ಟ್ಯಾಪ್ (ಇರುವ ಫ್ಯೂಸ್ ಜಾಗದಿಂದಲೇ ಇನ್ನೊಂದು ಲೈನ್ ಎಳೆಯುವ ತುಣುಕು) ಹಾಕಿ, ಅದರಲ್ಲಿ ಗೇಜಿಗೇ ಅಂತ ಚಿಕ್ಕ ಫ್ಯೂಸ್. ಆಡಿಯೋ ಅಥವಾ ಸಿಗರೇಟ್ ಲೈಟರ್ ಲೈನ್ ಒಳ್ಳೆಯದು. ಏರ್‌ಬ್ಯಾಗ್, ಎಬಿಎಸ್, ಇಸಿಯು, ಫ್ಯುಯಲ್ ಪಂಪ್ ಫ್ಯೂಸ್‌ಗಳ ತಂಟೆಗೆ ಹೋಗಬೇಡಿ. ಹಳದಿ ಸ್ಲೀವ್, ಹಳದಿ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗ್ ಲೈನ್, ಕೈ ಹಾಕಬೇಡಿ. ಗೇಜಿನ ವೈರ್ ಬಣ್ಣವನ್ನು ನಂಬಬೇಡಿ, ಕಿಟ್‌ನ ಚೀಟಿ ನೋಡಿ. ಸಾಮಾನ್ಯವಾಗಿ ಕೆಂಪು ಇಗ್ನಿಷನ್, ಕಪ್ಪು ಅರ್ತ್, ಇನ್ನೊಂದು ಪಾರ್ಕ್ ಲೈಟ್‌ಗೆ. ಆ ಮೂರನೆಯದನ್ನು ಕೊಡದೆ ಬಿಟ್ಟರೆ ರಾತ್ರಿ ಗೇಜ್ ಬೆಳಕು ಕಣ್ಣಿಗೆ ಹೊಡೆಯುತ್ತದೆ.

ಸೆಂಡರ್ ವೈರ್ ಒಳಗೆ ತರುವುದಕ್ಕೆ ಹೊಸ ತೂತು ಬೇಡ. ಫೈರ್‌ವಾಲ್‌ನಲ್ಲಿ ಮುಖ್ಯ ವೈರಿಂಗ್ ದಾಟುವ ರಬ್ಬರ್ ಗ್ರಾಮೆಟ್ ಇದೆ. ಸೈಕಲ್ ಕಡ್ಡಿಯ ತುದಿ ಸ್ವಲ್ಪ ಉಜ್ಜಿ ಮೊಂಡು ಮಾಡಿ, ವೈರ್ ಅದಕ್ಕೆ ಟೇಪ್ ಸುತ್ತಿ, ಗ್ರಾಮೆಟ್‌ನ ಅಂಚಿನಿಂದ ತಳ್ಳಿ. ಒಳಗಿನ ವೈರಿಂಗ್‌ಗೆ ಚುಚ್ಚದ ಹಾಗೆ ನಿಧಾನಕ್ಕೆ. ಬಾನೆಟ್ ಒಳಗೆ ವೈರ್‌ಗೆ ಸ್ಲೀವ್ ಇರಲಿ, ಸೈಲೆನ್ಸರ್ ಮ್ಯಾನಿಫೋಲ್ಡ್‌ನಿಂದ, ಫ್ಯಾನ್‌ನಿಂದ ದೂರ ಇರಲಿ.

ಬಿಸಿಲೂರು, ಕಲಬುರಗಿ

ಗೇಜ್ ಡ್ಯಾಶ್‌ಬೋರ್ಡ್ ಮೇಲೆ ಡಬಲ್ ಟೇಪ್‌ನಲ್ಲಿ ಅಂಟಿಸಬ್ಯಾಡ್ರಿ. ನಮ್ಮ ಕಡೆ ಮೇ ತಿಂಗಳ ಬಿಸಿಲಿಗೆ ಆ ಅಂಟು ಕರಗಿ ಗೇಜ್ ಕಾಲಿಗೆ ಬೀಳತದ. ಗೇಜ್ ಕೂಡಿಸಾಕ ಸ್ಕ್ರೂ ಇರೋ ಪಾಡ್ (ಬಟ್ಟಲಿನಂಥ ಕವಚ) ತಗೋರಿ. ಎಡಗಡೆ ಏರ್‌ಬ್ಯಾಗ್ ಮುಚ್ಚಳದ ಮೇಲಂತೂ ಬ್ಯಾಡವೇ ಬ್ಯಾಡ. ಏರ್‌ಬ್ಯಾಗ್ ಬಿಚ್ಚಿದ್ರ ಆ ಗೇಜು ನೇರ ಮುಖಕ್ಕ ಬರತದ. ಕರ್ಟನ್ ಏರ್‌ಬ್ಯಾಗ್ ಇರೋ ಕಾರಿನ್ಯಾಗ ಗಾಜಿನ ಪಕ್ಕದ ಕಂಬಕ್ಕೂ ಹಾಕಬ್ಯಾಡ್ರಿ.

ನೋಡುಗ, ಬೆಂಗಳೂರು

ನನ್ನ ಕಾರಿನಲ್ಲಿ ಮುಳ್ಳು ಇದೆ. ಎಂಜಿನ್ ಬಿಸಿಯಾದ ಮೇಲೆ ಸರಿಯಾಗಿ ಮಧ್ಯಕ್ಕೆ ಬಂದು ನಿಲ್ಲುತ್ತದೆ, ಟ್ರಾಫಿಕ್ ಇರಲಿ ನಂದಿ ಬೆಟ್ಟ ಇರಲಿ ಅಲ್ಲಾಡುವುದಿಲ್ಲ. ನನಗೆ ಗೇಜ್ ಅಗತ್ಯವಿಲ್ಲ ಅಲ್ವಾ?

ಡೇಟಾ ದಾಸ

ಅಲ್ಲಾಡುವುದಿಲ್ಲ ಅನ್ನುವುದೇ ಅನುಮಾನದ ವಿಷಯ. ಓಬಿಡಿ ಹಾಕಿ ನೋಡಿ. ಒಳಗೆ ಡಿಗ್ರಿ 82ರಿಂದ 98ರ ತನಕ ಓಡಾಡುತ್ತಿರುತ್ತದೆ, ಮುಳ್ಳು ಮಾತ್ರ ಮಧ್ಯದಲ್ಲಿ. ಬೇಕಂತಲೇ ಹಾಗೆ ಮಾಡಿರುತ್ತಾರೆ. ಎಷ್ಟೋ ಕಾರುಗಳಲ್ಲಿ ಸುಮಾರು 75ರಿಂದ 105ರ ನಡುವೆ ಏನಾದರೂ ಮುಳ್ಳು ಒಂದೇ ಕಡೆ. ಅದು ಸ್ವಲ್ಪ ಆಡಿದರೂ ಜನ ಗಾಬರಿಯಾಗಿ ಸರ್ವಿಸ್ ಸೆಂಟರ್‌ಗೆ ಓಡಿಬರುತ್ತಾರಲ್ಲ, ಅದಕ್ಕೆ. ಮನೆಯಲ್ಲಿ ಜಗಳ ನಡೆಯುತ್ತಿದ್ದರೂ ನೆಂಟರ ಮುಂದೆ ಎಲ್ಲ ಚೆನ್ನಾಗಿದ್ದೀವಿ ಅನ್ನುವ ಹಾಗೆ.

ಮರಳುಗಾಡು ಕನ್ನಡಿಗ, ಮಸ್ಕತ್

ಇಲ್ಲಿ ಮರಳಲ್ಲಿ ಓಡಿಸುವವರು ನಿಸಾನ್ ಪ್ಯಾಟ್ರೋಲ್, ಲ್ಯಾಂಡ್ ಕ್ರೂಸರ್ ಗಾಡಿಗಳಿಗೆ ಬೇರೆ ಗೇಜ್ ಹಾಕಿಸುವುದು ಮಾಮೂಲಿ. ಮರಳಲ್ಲಿ ವೇಗ ಕಡಿಮೆ, ಎಂಜಿನ್‌ಗೆ ದುಡಿತ ಜಾಸ್ತಿ, ರೇಡಿಯೇಟರ್‌ಗೆ ಗಾಳಿ ಇಲ್ಲ. ನಿಮ್ಮ ಲಾರಿ ಹಿಂದಿನ ಘಾಟಿಯೂ ಅದೇ ಲೆಕ್ಕ. ನಾವು ನೋಡುವುದು ಡಿಗ್ರಿ ಎಷ್ಟಿದೆ ಅಂತ ಅಲ್ಲ, ಎಷ್ಟು ಬೇಗ ಏರುತ್ತಿದೆ ಅಂತ. 96ರಲ್ಲಿ ನಿಂತಿದ್ದರೆ ಚಿಂತೆಯಿಲ್ಲ. ನೋಡ ನೋಡುತ್ತಾ 92, 95, 99 ಆಗುತ್ತಿದ್ದರೆ ಕಾಲು ತೆಗೆಯುವ ಹೊತ್ತು.

ಶಿರಾಡಿಪಯಣ

ಕಿಟ್ ತಂದೆ. ಕಾರಿಗೆ ಹಾಕುವ ಮೊದಲು ಅಡುಗೆಮನೆಯಲ್ಲಿ ಪರೀಕ್ಷೆ ಮಾಡಿದೆ. ಹೆಂಡತಿಗೆ ಇಷ್ಟವಾಗಲಿಲ್ಲ, ಹಾಗಾಗಿ ಹಳೆ ಸ್ಟೀಲ್ ಪಾತ್ರೆ. ಹಳೆ ಯುಪಿಎಸ್‌ನ 12 ವೋಲ್ಟ್ ಬ್ಯಾಟರಿಯನ್ನು ಒಲೆಯಿಂದ ದೂರ ಇಟ್ಟು ಗೇಜ್‌ಗೆ ಕರೆಂಟ್ ಕೊಟ್ಟೆ, ಸೆಂಡರ್ ಮೈಗೆ ಮೊಸಳೆ ಕ್ಲಿಪ್‌ನಲ್ಲಿ ಅರ್ತ್. ಸೆಂಡರನ್ನು ವೈರ್‌ನಲ್ಲಿ ನೇತುಹಾಕಿ, ತಳ ಮುಟ್ಟದ ಹಾಗೆ ನೀರಿನಲ್ಲಿ ಇಳಿಬಿಟ್ಟೆ. 40ರಿಂದ ಅಂಕಿ ಶುರುವಾಯಿತು. 60, 80, 90. ನೀರು ತಳಮಳ ಕುದಿಯುತ್ತಿದೆ, ಗೇಜ್ 97ಕ್ಕೆ ಬಂದು ನಿಂತುಬಿಟ್ಟಿತು. ಉರಿ ಜಾಸ್ತಿ ಮಾಡಿದರೂ 97. ಮೂರು ಡಿಗ್ರಿ ಕಡಿಮೆ ತೋರಿಸುತ್ತಿದೆ. ವಾಪಸ್ ಕೊಡಲಾ?

ಎಸ್ಟೇಟ್ ಜೀಪು

ಕೊಡಬೇಡಿ ಮಾರಾಯ್ರೆ, ಗೇಜ್ ಸರಿಯಾಗಿದೆ! ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲಿದೆ. ಮೇಲೆ ಹೋದಂತೆ ಗಾಳಿಯ ಒತ್ತಡ ಕಡಿಮೆ, ನೀರು ಬೇಗ ಕುದಿಯುತ್ತದೆ. ಸುಮಾರು 300 ಮೀಟರಿಗೆ ಒಂದು ಡಿಗ್ರಿ ಲೆಕ್ಕ. ಬೆಂಗಳೂರಲ್ಲಿ 97ಕ್ಕೇ ಕುದಿಯುವುದು. ಅದೇ ಸೆಂಡರ್ ಮಂಗಳೂರಲ್ಲಿ ಕುದಿಸಿ, 100 ತೋರಿಸುತ್ತದೆ.

ನೋಡುಗ

ಹಾಗಾದರೆ ಬೆಂಗಳೂರಲ್ಲಿ ಎಂಜಿನ್ 98 ಆದರೆ ಕೂಲೆಂಟ್ ಕುದಿಯುತ್ತಾ?

ಎಸ್ಟೇಟ್ ಜೀಪು

ಇಲ್ಲ. ಅದಕ್ಕೇ ರೇಡಿಯೇಟರ್ ಮುಚ್ಚಳ ಇರುವುದು. ಅದರ ಮೇಲೆ 0.9 ಅಥವಾ 1.1 ಅಂತ ಬರೆದಿರುತ್ತದೆ, ಹತ್ತಿರ ಹತ್ತಿರ ಅಷ್ಟು ಬಾರ್ ಒತ್ತಡದ ತನಕ ಅದು ತೆರೆಯುವುದಿಲ್ಲ. ಆ ಒತ್ತಡದಲ್ಲಿ ಬರೀ ನೀರೇ 120ರ ಆಸುಪಾಸಿನ ತನಕ ಕುದಿಯುವುದಿಲ್ಲ. ಅರ್ಧ ಎಥಿಲೀನ್ ಗ್ಲೈಕಾಲ್ ಕೂಲೆಂಟ್, ಅರ್ಧ ನೀರು ಹಾಕಿದರೆ ಇನ್ನೂ ಮೇಲೆ. ಆದರೆ ಮುಚ್ಚಳದ ಸ್ಪ್ರಿಂಗ್ ಸಡಿಲವಾಗಿ ರಬ್ಬರ್ ಒಡೆದಿದ್ದರೆ ಒತ್ತಡ ನಿಲ್ಲುವುದಿಲ್ಲ, ಆಗ ನೀವು ಹೇಳಿದ ಹಾಗೇ ಆಗುತ್ತದೆ. ಹಳೆ ಗಾಡಿಯಲ್ಲಿ ಹೀಟ್ ಕಂಪ್ಲೇಂಟ್ ಬಂದರೆ ನಾನು ಮೊದಲು ಬದಲಿಸುವುದು ಮುಚ್ಚಳ. ಅದಕ್ಕಿಂತ ಅಗ್ಗದ ಸಾಮಾನು ಆ ಎಂಜಿನ್‌ನಲ್ಲಿ ಇನ್ನೊಂದಿಲ್ಲ.

ಬಿಸಿ ಇದ್ದಾಗ ಅದನ್ನು ತೆರೆಯಬೇಡಿ. ಬಟ್ಟೆ ಹಿಡಿದೂ ಬೇಡ. ಒತ್ತಡ ಬಿಟ್ಟ ಕೂಡಲೇ ಒಳಗಿರುವುದೆಲ್ಲ ಒಟ್ಟಿಗೆ ಕುದಿದು ಮುಖಕ್ಕೆ ಚಿಮ್ಮುತ್ತದೆ.

ಶಿರಾಡಿಪಯಣ

ಗೇಜ್ ಹಾಕಿಸಿದ್ದಾಯಿತು. ಹೋಸ್ ಕೆಲಸ ನಮ್ಮ ಮಾಮೂಲಿ ಮೆಕ್ಯಾನಿಕ್ ಮಾಡಿದ, ವೈರಿಂಗ್ ನಾನೇ. ರಾತ್ರಿಯಿಡೀ ನಿಂತು ತಣ್ಣಗಾದ ಎಂಜಿನ್‌ನಲ್ಲೇ ಶುರುಮಾಡಿದೆವು. ಡ್ರೈನ್ ಬಿಚ್ಚಿ ಕೂಲೆಂಟ್ ಇಳಿಸಿ, ಹೊಸ ಹೋಸ್‌ನ ನೇರ ಭಾಗದಲ್ಲಿ ಅಡಾಪ್ಟರ್‌ನ ಮಧ್ಯದ ದಪ್ಪ ಭಾಗದಷ್ಟೇ ಅಗಲದ ಬಳೆ ಕತ್ತರಿಸಿ ತೆಗೆದ. ಆಕ್ಸಾ ಬ್ಲೇಡ್ ಬೇಡ ಅಂದ, ರಬ್ಬರ್ ಚೂರು ಒಳಗೆ ಉಳಿದು ರೇಡಿಯೇಟರ್ ಕೊಳವೆ ಕಟ್ಟುತ್ತದಂತೆ. ಶೂ ರಿಪೇರಿಯವರ ಹತ್ತಿರ ಇರುವಂಥ ಅಗಲ ಚಾಕು, ಸ್ವಲ್ಪ ನೀರು ಹಚ್ಚಿಕೊಂಡು ಒಂದೇ ಸುತ್ತಿಗೆ ಕತ್ತರಿಸಿದ. ಕ್ಲಾಂಪ್‌ಗಳು ಅಡಾಪ್ಟರ್ ಅಂಚಿನ ಉಬ್ಬು ಗೆರೆಯ ಹಿಂದೆ ಕೂರಬೇಕು, ಮೇಲೆ ಅಲ್ಲ. ಅಷ್ಟು ನೋಡಿಕೊಂಡರೆ ಹೋಸ್ ಜಾರುವ ಮಾತೇ ಇಲ್ಲ.

ಒಂದು ವಿಚಿತ್ರ. ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ಓಬಿಡಿಯಲ್ಲಿ 70 ಆದರೂ ಹೊಸ ಗೇಜ್ 40 ದಾಟುವುದಿಲ್ಲ. ಆಮೇಲೆ ಇದ್ದಕ್ಕಿದ್ದಂತೆ ಏರಿ ಎರಡೂ ಹತ್ತಿರ ಹತ್ತಿರ ಬರುತ್ತವೆ.

ವೈರಿಂಗ್ ರಾಯ

ಥರ್ಮೋಸ್ಟಾಟ್ (ಬಿಸಿಯಾದಾಗ ತಾನೇ ತೆರೆಯುವ ವಾಲ್ವ್) ತೆರೆಯುವ ತನಕ ರೇಡಿಯೇಟರ್ ಹೋಸ್‌ನಲ್ಲಿ ಕೂಲೆಂಟ್ ಓಡುವುದಿಲ್ಲ ಸಾರ್, ಎಂಜಿನ್ ಒಳಗೇ ಸುತ್ತುತ್ತಿರುತ್ತದೆ. ತೆರೆದ ಕೂಡಲೇ ಬಿಸಿ ಕೂಲೆಂಟ್ ನುಗ್ಗುತ್ತದೆ, ಗೇಜ್ ಜಿಗಿಯುತ್ತದೆ. ಎಷ್ಟು ಡಿಗ್ರಿಗೆ ತೆರೆಯಬೇಕು ಅಂತ ಥರ್ಮೋಸ್ಟಾಟ್ ಮೇಲೇ ಕೆತ್ತಿರುತ್ತದೆ, 78, 82, 88 ಹೀಗೆ. ನಿಮಗೆ ಇದು ಪುಕ್ಕಟೆ ಪರೀಕ್ಷೆ. ಮುಂದೆ ಯಾವತ್ತಾದರೂ ಓಬಿಡಿಯಲ್ಲಿ 100 ಇದ್ದು ಹೋಸ್ ಗೇಜ್ 50ರಲ್ಲೇ ನಿಂತರೆ ಥರ್ಮೋಸ್ಟಾಟ್ ಅಂಟಿಕೊಂಡಿದೆ, ಇಲ್ಲವೇ ಏರ್ ಲಾಕ್ ಆಗಿದೆ, ಅಂದರೆ ಒಳಗೆ ಗಾಳಿ ಸಿಕ್ಕಿಕೊಂಡು ಕೂಲೆಂಟ್ ಓಡುತ್ತಿಲ್ಲ. ಈ ಒಂದು ಕಾರಣಕ್ಕೆ ಓಬಿಡಿ ಇದ್ದರೂ ಹೋಸ್ ಗೇಜ್ ದಂಡವಲ್ಲ ಅಂತ ನಾನು ಹೇಳುವುದು.

ಏರ್ ತೆಗೆದಿರಾ? ಮೂತಿ ಸ್ವಲ್ಪ ಎತ್ತರಕ್ಕೆ ಇರುವ ಕಡೆ ಕಾರು ನಿಲ್ಲಿಸಿ, ಒಳಗೆ ಹೀಟರ್ ಫುಲ್ ಬಿಸಿಗೆ ತಿರುಗಿಸಿ, ಫ್ಯಾನ್ ಎರಡು ಸಲ ಬಂದು ಹೋಗುವ ತನಕ ಐಡಲ್‌ನಲ್ಲಿ ಬಿಡಿ. ತಣ್ಣಗಾದ ಮೇಲೆ ರೇಡಿಯೇಟರ್‌ನಲ್ಲೇ ಮಟ್ಟ ನೋಡಿ. ಪಕ್ಕದ ಕೂಲೆಂಟ್ ಡಬ್ಬಿ ತುಂಬಿದೆ ಅಂತ ಬಿಡಬೇಡಿ. ಮುಚ್ಚಳ ಕೆಟ್ಟಿದ್ದರೆ ಡಬ್ಬಿ ತುಂಬಿದ್ದೂ ರೇಡಿಯೇಟರ್ ಖಾಲಿ ಇರುತ್ತದೆ.

ಕೋಲಾರದ ಬೋರು

ಟಾಪ್‌ಅಪ್‌ಗೆ ಬೋರ್‌ವೆಲ್ ನೀರು ಹಾಕಬೇಡಿ, ದಯವಿಟ್ಟು. ನಮ್ಮೂರ ನೀರು ಕಾಯಿಸಿದ ಪಾತ್ರೆ ನೋಡಿ, ತಳದಲ್ಲಿ ಬಿಳಿ ಪದರ ಕಟ್ಟಿರುತ್ತದೆ. ಅದೇ ರೇಡಿಯೇಟರ್ ಒಳಗೂ ಕಟ್ಟುವುದು. ಡಿಸ್ಟಿಲ್ಡ್ ವಾಟರ್ ಪೆಟ್ರೋಲ್ ಬಂಕ್‌ನಲ್ಲೂ ಸಿಗುತ್ತದೆ. ಈಗಂತೂ ಅಲ್ಯೂಮಿನಿಯಂ ಅಡಾಪ್ಟರ್, ಹಿತ್ತಾಳೆ ಸೆಂಡರ್ ಅಕ್ಕಪಕ್ಕ ಕೂತಿವೆ. ಕೂಲೆಂಟ್ ಇಲ್ಲದ ಬರೀ ನೀರಿನಲ್ಲಿ ಎರಡು ಲೋಹ ಸೇರಿದರೆ ಅಲ್ಯೂಮಿನಿಯಂ ತಿಂದುಹೋಗುತ್ತದೆ.

ಶಿರಾಡಿಪಯಣ

ಏರ್ ತೆಗೆದಾಯಿತು, ಕೂಲೆಂಟ್ ರೆಡಿ ಮಿಕ್ಸ್ ಹಾಕಿದ್ದೇವೆ. ಊರಿಗೂ ಹೋಗಿಬಂದೆ. ಹಾಸನದ ತನಕ ಹೈವೇಯಲ್ಲಿ 85, 86. ಬೆಂಗಳೂರು ಟ್ರಾಫಿಕ್‌ನಲ್ಲಿ 95 ಮುಟ್ಟಿ ಫ್ಯಾನ್ ಬಂದ ಮೇಲೆ ಇಳಿಯುತ್ತದೆ. ವಾಪಸ್ ಬರುವಾಗ ಗುಂಡ್ಯ ದಾಟಿ ಹತ್ತುವಾಗ ಟ್ಯಾಂಕರ್ ಹಿಂದೆ ಸಿಕ್ಕಿಕೊಂಡೆ. ಎಸಿ ಇತ್ತು. 97, 98, 99. ಎಸಿ ಆಫ್ ಮಾಡಿದೆ, 96ಕ್ಕೆ ಬಂತು. ಅಲ್ಲಿಗೆ ನಿಂತಿತು. ಹೆಂಡತಿ ಹೇಳುವುದು, ನೀವು ರಸ್ತೆಗಿಂತ ಆ ಡಬ್ಬಿಯನ್ನೇ ಜಾಸ್ತಿ ನೋಡ್ತೀರಿ ಅಂತ.

ಅಲಾರಂ ಎಷ್ಟಕ್ಕೆ ಇಡಲಿ? ಕಿಟ್‌ನಲ್ಲಿ 95 ಇಟ್ಟು ಕಳಿಸಿದ್ದಾರೆ, ಸಿಗ್ನಲ್ ಸಿಗ್ನಲ್‌ಗೂ ಕೂಗುತ್ತದೆ.

ವೈರಿಂಗ್ ರಾಯ

95 ನಿಮ್ಮ ಗಾಡಿಗೆ ಮಾಮೂಲಿ ಅಂಕಿ, ಅದಕ್ಕೆ ಕೂಗಿದರೆ ನಾಳೆ ನೀವೇ ಅಲಾರಂ ವೈರ್ ಕಿತ್ತುಹಾಕುತ್ತೀರಿ. ಮಾಮೂಲಿಯಲ್ಲಿ ಕಂಡ ಅತಿ ಹೆಚ್ಚು ಅಂಕಿಗೆ ಐದಾರು ಸೇರಿಸಿ. ನಿಮಗೆ 105. ಕೂಗಿದರೆ ಎಸಿ ಆಫ್, ಹೀಟರ್ ಫುಲ್ ಬಿಸಿ, ಬ್ಲೋವರ್ ಫುಲ್, ಕಿಟಕಿ ತೆಗೆಯಿರಿ. ಹೀಟರ್ ಅಂದರೆ ಇನ್ನೊಂದು ಚಿಕ್ಕ ರೇಡಿಯೇಟರ್, ಎಂಜಿನ್ ಬಿಸಿಯನ್ನು ಅದು ಹೊರಗೆ ಎಳೆಯುತ್ತದೆ. ಆದರೂ ಏರುತ್ತಿದ್ದರೆ ಪಕ್ಕಕ್ಕೆ ನಿಲ್ಲಿಸಿ. ನಿಂತ ಮೇಲೆ ಹೊಗೆ, ಸೋರಿಕೆ ಇಲ್ಲದಿದ್ದರೆ ಐಡಲ್‌ನಲ್ಲಿ ಬಿಟ್ಟು ಫ್ಯಾನ್ ಓಡುತ್ತಿದೆಯಾ ನೋಡಿ. ಸೋರುತ್ತಿದ್ದರೆ ಆಫ್ ಮಾಡಿ, ಟೋಯಿಂಗ್‌ಗೆ ಫೋನ್ ಮಾಡಿ. ಹೀಟರ್‌ನಿಂದ ತಣ್ಣನೆ ಗಾಳಿ ಬಂದರೆ ಗೇಜ್ ಏನೇ ಹೇಳಲಿ ಕೂಲೆಂಟ್ ಇಲ್ಲ ಅಂತ ಅರ್ಥ, ಕೂಡಲೇ ಆಫ್.

ಭಾವನ ಕಾರು

ಇದು ಗೊತ್ತಿರಲಿಲ್ಲ, ಭಾವನಿಗೆ ಕಳಿಸಿದೆ. ಅವರ ಗಾಡಿಗೆ ಹೆಡ್‌ಗೆ ಬೋಲ್ಟ್ ಮಾಡುವ ಸೆನ್ಸರನ್ನೇ ಹಾಕಿಸುತ್ತೇವೆ. ರಾಯರೇ, ಯಾವ ಬೋಲ್ಟ್ ಅಂತ ಫೋಟೋ ಹಾಕಿದರೆ ಹೇಳ್ತೀರಾ?

ವೈರಿಂಗ್ ರಾಯ

ಹಾಕಿ. ಎಗ್ಜಾಸ್ಟ್ ಮ್ಯಾನಿಫೋಲ್ಡ್ ಇರುವ ಮಗ್ಗುಲು ಬಿಟ್ಟು ಇನ್ನೊಂದು ಮಗ್ಗುಲಿನ ಫೋಟೋ ತೆಗೆಯಿರಿ. ಮ್ಯಾನಿಫೋಲ್ಡ್ ಹತ್ತಿರ ಹಾಕಿದರೆ ಸೈಲೆನ್ಸರ್ ಬಿಸಿಯನ್ನೇ ತೋರಿಸುತ್ತದೆ.

ಹೊಸ ಆಲ್ಟೊ, ಚಿಕ್ಕಮಗಳೂರು

ನಾನೂ ಹಾಕಿಸಬೇಕು ಅಂತಿದ್ದೇನೆ. ಆಲ್ಟೊಗೆ ಅಡಾಪ್ಟರ್ ಎಷ್ಟು ಮಿ.ಮೀ.ದು ತರಲಿ? ಕಾರಿಗೆ ಇನ್ನೂ ವಾರಂಟಿ ಇದೆ.

ಡೇಟಾ ದಾಸ

ವಾರಂಟಿ ಮುಗಿಯುವ ತನಕ ಹೋಸ್, ವೈರ್ ಏನೂ ಕತ್ತರಿಸಬೇಡಿ. ಆಮೇಲೆ ಏನೇ ಕೆಟ್ಟರೂ ಆ ಗೇಜ್ ಕಡೆ ಬೆರಳು ತೋರಿಸುತ್ತಾರೆ. ಅಲ್ಲಿಯ ತನಕ ಓಬಿಡಿ ಡಿಸ್‌ಪ್ಲೇ.

ವೈರಿಂಗ್ ರಾಯ

ಹೌದು. ಮುಂದೆ ಹಾಕುವಾಗಲೂ ಅಳತೆ ಯಾರನ್ನೂ ಕೇಳಬೇಡಿ. ಹೊಸ ಹೋಸ್ ತನ್ನಿ, ವರ್ನಿಯರ್‌ನಲ್ಲಿ ಒಳ ವ್ಯಾಸ ಅಳೆಯಿರಿ. ಹೊರ ವ್ಯಾಸ ಅಲ್ಲ.